ಇಬ್ಬರು ನೂರುನ್ನಿಸಾಗಳು

ತೊಟ್ಟಿಲು ಕಟ್ಟುವ ದಿನ ನಮ್ಮ ಮನೆಗಳಲ್ಲಿ ನಡೆಯುವ ಒಂದು ಸಣ್ಣ ಜಗಳವನ್ನು ನೀವೆಲ್ಲರೂ ಕಂಡಿರುತ್ತೀರಿ. ತಂದೆಯ ಕಡೆಯವರಿಗೆ ಅಜ್ಜನ ಹೆಸರು ಉಳಿಯಬೇಕು. ತಾಯಿಯ ಕಡೆಯವರಿಗೆ ತಮ್ಮ ಮನೆದೇವರ ಹೆಸರು ಬರಬೇಕು. ಜೋಯಿಸರು ನಕ್ಷತ್ರ ನೋಡಿ ಒಂದು ಅಕ್ಷರ ಹೇಳಿರುತ್ತಾರೆ. ಕಾಲೇಜಿಗೆ ಹೋಗುವ ಚಿಕ್ಕಮ್ಮನಿಗೆ ಇವು ಯಾವುವೂ ಬೇಡ, ಕರೆಯುವುದಕ್ಕೆ ಚೆನ್ನಾಗಿರುವ ಎರಡಕ್ಷರದ ಹೆಸರು ಸಾಕು. ಕಡೆಗೆ ಎಲ್ಲರ ಮಾತನ್ನೂ ನಡೆಸಿ, ಕೂಸಿನ ಕಿವಿಯಲ್ಲಿ ಮೂರು ನಾಲ್ಕು ಹೆಸರುಗಳನ್ನು ಹೇಳಿ ಮುಗಿಸುತ್ತಾರೆ. ಶಾಲೆಗೆ ಸೇರಿಸುವ ದಿನ ಮಾತ್ರ ಪೇಚಾಟ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿಗೆ ಜಾಗ.

ಒಂದೇ ಮಾತಿನ, ಒಂದೇ ಆಚಾರದ ಎರಡು ಮನೆಗಳ ನಡುವೆಯೇ ಹೀಗಾದರೆ, ಆ ಎರಡು ಮನೆಗಳು ಬೇರೆ ಬೇರೆ ಧರ್ಮಕ್ಕೆ, ಭಾಷೆಗೆ, ದೇಶಕ್ಕೆ ಸೇರಿದ್ದಾಗ ಏನಾಗಬೇಡ? ಆಗ ಹೆಸರೆಂಬುದು ಕರೆಯುವ ಶಬ್ದವಾಗಿ ಮಾತ್ರ ಉಳಿಯುವುದಿಲ್ಲ. ಮಗು ಯಾರದು, ಯಾವ ಕಡೆಗೆ ಸೇರಿದ್ದು ಎಂಬ ತೀರ್ಮಾನವೇ ಅದರಲ್ಲಿ ಅಡಗಿರುತ್ತದೆ. ಆ ತೀರ್ಮಾನ ತಂದೆತಾಯಿಯರದು ಎಂದು ನಾವು ತಿಳಿದಿದ್ದೇವೆ. ಆದರೆ ಅವರು ಇಟ್ಟ ಹೆಸರನ್ನು ಕಂಪನಿ ಸರ್ಕಾರ, ಚರ್ಚು, ಸೈನ್ಯ ಇವೆಲ್ಲ ಸೇರಿ ತಿದ್ದಿ ಬರೆದ ಪ್ರಸಂಗಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಇಲ್ಲಿ ಅಂಥ ಇಬ್ಬರು ಹೆಣ್ಣುಮಕ್ಕಳ ಕಥೆಯನ್ನು ಹೇಳಬಯಸುತ್ತೇನೆ. ಒಬ್ಬಳು ಹುಟ್ಟಿದ್ದು 1802ರಲ್ಲಿ ಹೈದರಾಬಾದಿನಲ್ಲಿ, ಇನ್ನೊಬ್ಬಳು 1914ರಲ್ಲಿ ಮಾಸ್ಕೋದಲ್ಲಿ. ಇಬ್ಬರಿಗೂ ತೊಟ್ಟಿಲಲ್ಲಿ ಇಟ್ಟ ಹೆಸರು ಒಂದೇ: ನೂರುನ್ನಿಸಾ. ಹೆಂಗಸರಲ್ಲಿ ಬೆಳಕಿನಂಥವಳು ಎಂದು ಅದರ ಅರ್ಥ.

ಮೊದಲನೆಯವಳ ತಂದೆ ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಹೈದರಾಬಾದ್ ನಿಜಾಮನ ದರ್ಬಾರಿನಲ್ಲಿದ್ದ ರೆಸಿಡೆಂಟ್, ಎಂದರೆ ಹೆಸರಿಗೆ ರಾಯಭಾರಿ, ನಿಜವಾಗಿ ಯಜಮಾನನ ಮೇಲೊಬ್ಬ ಯಜಮಾನ. ಕನ್ನಡ ನಾಡಿನ ಚರಿತ್ರೆಗೂ ಈತನಿಗೂ ಸಂಬಂಧವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಯುದ್ಧದಲ್ಲಿ ನಿಜಾಮನ ದಂಡು ಇಂಗ್ಲಿಷರ ಜೊತೆಗಿತ್ತು. ಆ ಯುದ್ಧಗಳಿಂದ ನಿಜಾಮನಿಗೆ ದಕ್ಕಿದ ಬಳ್ಳಾರಿ ಮೊದಲಾದ ಸೀಮೆಗಳು 1800ರ ಒಪ್ಪಂದದಿಂದ ಕಂಪನಿಯ ಪಾಲಾದವು. ಆ ಒಪ್ಪಂದವನ್ನು ಕುದುರಿಸಿದವನು ಕಿರ್ಕ್‌ಪ್ಯಾಟ್ರಿಕ್. ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದು 1811ರಲ್ಲಿ ಅಚ್ಚು ಹಾಕಿಸಿದ ವಿಲಿಯಂ ಕಿರ್ಕ್‌ಪ್ಯಾಟ್ರಿಕ್ ಇವನ ಮಲ ಅಣ್ಣ.

ಹೀಗೆ ಒಪ್ಪಂದಗಳ ಕಾಗದಪತ್ರದಲ್ಲಿ ಕಂಪನಿಯ ಲಾಭವನ್ನೇ ನೋಡಿದ ಈ ಮನುಷ್ಯ ಮನೆಯಲ್ಲಿ ಬೇರೆಯೇ ಆಗಿದ್ದ. ಹುಟ್ಟಿದ್ದು ಮದರಾಸಿನಲ್ಲಿ, 1764ರಲ್ಲಿ. ಪಾರ್ಸಿ ಭಾಷೆಯನ್ನೂ ಹಿಂದೂಸ್ತಾನಿಯನ್ನೂ ಚೆನ್ನಾಗಿ ಬಲ್ಲವನು. ಹೈದರಾಬಾದಿನ ಅಮೀರರಂತೆ ಉಡುಪು ತೊಡುತ್ತಿದ್ದ. ನಿಜಾಮ ಅವನಿಗೆ ‘ಹಷ್ಮತ್ ಜಂಗ್’ ಎಂಬ ಬಿರುದು ಕೊಟ್ಟಿದ್ದ. ಅಲ್ಲಿನ ಒಂದು ದೊಡ್ಡ ಮನೆತನದ ಮಗಳು ಖೈರುನ್ನಿಸಾ. ಇರಾನಿನ ಷೂಷ್ತರ್ ಎಂಬ ಊರಿನಿಂದ ಬಂದು ನೆಲೆಸಿದ್ದ ಷಿಯಾ ಸಯ್ಯದರ ಕುಲ ಅವರದು. ಕಿರ್ಕ್‌ಪ್ಯಾಟ್ರಿಕ್ ಇಸ್ಲಾಂ ವಿಧಿಯಂತೆ ಆಕೆಯನ್ನು ಮದುವೆಯಾದ. ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಸುದ್ದಿ ಮುಟ್ಟಿ ವಿಚಾರಣೆಯೇ ನಡೆಯಿತು. ಹುದ್ದೆ ಹೇಗೋ ಉಳಿಯಿತು.

1801ರ ಮಾರ್ಚ್ 4ರ ಬುಧವಾರ ಬೆಳಗಿನ ಜಾವ ಅವರಿಗೆ ಮೊದಲ ಮಗ ಹುಟ್ಟಿದ. ತಂದೆ ಒಂದು ಕಾಗದದಲ್ಲಿ ಆ ಸಂಗತಿಯನ್ನು ಗುರುತು ಹಾಕಿಕೊಂಡ. ಚರಿತ್ರೆಯ ವಿದ್ಯಾರ್ಥಿಗಳು ಇಂಥ ಸಣ್ಣ ಕಾಗದಗಳನ್ನು ಕಡೆಗಣಿಸಬಾರದು. ತಾರೀಖನ್ನು ಅವನು ಎರಡು ರೀತಿಯಲ್ಲಿ ಬರೆದಿದ್ದಾನೆ: ಇಂಗ್ಲಿಷ್ ತಾರೀಖಿನ ಪಕ್ಕದಲ್ಲಿ ಹಿಜರಿ 1215ರ ಷವ್ವಾಲ್ ತಿಂಗಳು. ಮಗುವಿನ ತಾಯಿಗೆ ಒಂದು ಕನಸು ಬಿತ್ತಂತೆ. ಆ ಕನಸಿನ ಪ್ರಕಾರ ಮಗನಿಗೆ ಮೀರ್ ಗುಲಾಂ ಅಲಿ ಎಂದು ಹೆಸರಿಡಬೇಕೆಂಬುದು ಅವಳ ಆಸೆ. ಅದಕ್ಕೆ ತಾನು ‘ಸಾಹಿಬ್ ಆಲಂ’ ಎಂದು ಸೇರಿಸುವವನಿದ್ದೇನೆ ಎಂದು ಬರೆದಿದ್ದಾನೆ. ಗುಲಾಂ ಅಲಿ ಎಂದರೆ ಅಲಿಯ ಸೇವಕ. ಷಿಯಾ ಮನೆತನದ ತಾಯಿಗೆ ಇದಕ್ಕಿಂತ ಪ್ರಿಯವಾದ ಹೆಸರು ಇನ್ನೇನಿದ್ದೀತು! ಸಾಹಿಬ್ ಆಲಂ ಎಂದರೆ ಲೋಕದ ಒಡೆಯ. ತಾಯಿ ಮಗನನ್ನು ಸೇವಕ ಎಂದಳು, ತಂದೆ ಒಡೆಯ ಎಂದ. ಇಬ್ಬರ ಮಾತೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿತು. ಆ ಕಾಗದದಲ್ಲಿ ಇಂಗ್ಲಿಷ್ ಹೆಸರಿನ ಮಾತಿಲ್ಲ.

ಮರುವರ್ಷ, 1802ರ ಏಪ್ರಿಲ್ 9ರಂದು, ಮಗಳು ಹುಟ್ಟಿದಳು. ಅವಳೇ ನೂರುನ್ನಿಸಾ, ಸಾಹಿಬ್ ಬೇಗಂ.

ಈಗ ಆ ಕಾಲದ ಕಾನೂನಿನ ಕಡೆಗೆ ಸ್ವಲ್ಪ ತಿರುಗಬೇಕು. ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಕಂಪನಿಯ ನೌಕರರು ಇಲ್ಲಿನ ಹೆಂಗಸರನ್ನು ಮದುವೆಯಾಗುವುದು, ಅಥವಾ ಮದುವೆಯಿಲ್ಲದೆಯೇ ಸಂಸಾರ ಹೂಡುವುದು, ಅಪರೂಪವೇನೂ ಆಗಿರಲಿಲ್ಲ. ಹುಟ್ಟಿದ ಮಕ್ಕಳಲ್ಲಿ ಅನೇಕರು ಕಂಪನಿಯ ಕೆಲಸಕ್ಕೇ ಸೇರುತ್ತಿದ್ದರು. ಕಾರ್ನ್‌ವಾಲಿಸನ ಕಾಲದಲ್ಲಿ ಈ ಬಾಗಿಲು ಮುಚ್ಚತೊಡಗಿತು. 1791ರ ಆಜ್ಞೆಯಂತೆ, ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದರೂ ಅಂಥ ಮಗನಿಗೆ ಕಂಪನಿಯ ಆಡಳಿತದಲ್ಲಾಗಲಿ, ಸೈನ್ಯದಲ್ಲಾಗಲಿ, ಹಡಗಿನಲ್ಲಾಗಲಿ ಅಧಿಕಾರದ ಹುದ್ದೆ ಇಲ್ಲವೆಂದಾಯಿತು. 1795ರಲ್ಲಿ ಇನ್ನೂ ಬಿಗಿ ಮಾಡಿದರು. ಅಂಥವರು ದಂಡಿನಲ್ಲಿ ತಮಟೆ ಬಾರಿಸಬಹುದು, ಕೊಳಲೂದಬಹುದು, ಕುದುರೆಗೆ ಲಾಳ ಹೊಡೆಯಬಹುದು, ಕತ್ತಿ ಹಿಡಿಯುವಂತಿಲ್ಲ. ಎಂದರೆ ಲೋಕದ ಒಡೆಯನೆಂದು ತಂದೆ ಹೆಸರಿಟ್ಟ ಮಗ, ಆ ತಂದೆಯ ಕಚೇರಿಯಲ್ಲಿ ಗುಮಾಸ್ತನಾಗುವುದೂ ದುಸ್ತರವಾಗಿತ್ತು. ಇದು ಕಿರ್ಕ್‌ಪ್ಯಾಟ್ರಿಕ್‌ಗೆ ಗೊತ್ತಿತ್ತು. ಮಕ್ಕಳಿಗೆ ದಾರಿ ಉಳಿದಿದ್ದರೆ ಇಂಗ್ಲೆಂಡಿನಲ್ಲಿ, ಅದೂ ಇಂಗ್ಲಿಷರಾಗಿ ಬೆಳೆದರೆ ಮಾತ್ರ ಎಂದು ಅವನು ತೀರ್ಮಾನಿಸಿದ. ತಾಯಿ ಒಪ್ಪಿದಳೇ? ಒಪ್ಪುವ ಬಿಡುವ ಮಾತು ಅವಳ ಕೈಯಲ್ಲಿ ಎಷ್ಟರಮಟ್ಟಿಗೆ ಇತ್ತೋ, ನೀವೇ ಯೋಚಿಸಿ.

1805ರಲ್ಲಿ ನಾಲ್ಕು ವರ್ಷದ ಅಣ್ಣ, ಮೂರು ವರ್ಷದ ತಂಗಿ ಮದರಾಸಿಗೆ ಬಂದರು. ಹಡಗು ಹೊರಡುವ ಮೊದಲು ಅಲ್ಲಿ ಜಾರ್ಜ್ ಚಿನ್ನರಿ ಎಂಬ ಚಿತ್ರಗಾರನಿಂದ ಇಬ್ಬರ ಚಿತ್ರ ಬರೆಸಿದರು. ಅದರಲ್ಲಿ ಮಕ್ಕಳು ಹೈದರಾಬಾದಿನ ಶ್ರೀಮಂತರ ಪೋಷಾಕಿನಲ್ಲಿ, ತಲೆಗೆ ಟೊಪ್ಪಿಗೆ ಧರಿಸಿ ನಿಂತಿದ್ದಾರೆ. ಅದು ಸಾಹಿಬ್ ಆಲಂ ಮತ್ತು ಸಾಹಿಬ್ ಬೇಗಂ ಎಂಬ ಮಕ್ಕಳ ಕೊನೆಯ ಚಿತ್ರ. ಸೆಪ್ಟೆಂಬರಿನಲ್ಲಿ ಹಡಗು ಹೊರಟಿತು. ಮುಂದಿನ ತಿಂಗಳು, ಅಕ್ಟೋಬರ್ 15ರಂದು, ತಂದೆ ಕಲ್ಕತ್ತೆಯಲ್ಲಿ ಜ್ವರದಿಂದ ತೀರಿಕೊಂಡ. ಮಕ್ಕಳು ಇನ್ನೂ ಸಮುದ್ರದ ಮೇಲಿದ್ದರು.

1806ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಮೇರಿಲಿಬೋನ್ ಚರ್ಚಿನಲ್ಲಿ ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಸಾಹಿಬ್ ಆಲಂ ವಿಲಿಯಂ ಜಾರ್ಜ್ ಆದ. ನೂರುನ್ನಿಸಾ ಕ್ಯಾಥರೀನ್ ಅರೋರಾ ಆದಳು. ಮನೆಯಲ್ಲಿ ಕರೆಯುವ ಹೆಸರು ಕಿಟ್ಟಿ.

ಈ ಹೊಸ ಹೆಸರುಗಳನ್ನು ಸುಮ್ಮನೆ ಇಟ್ಟವೆಂದು ತಿಳಿಯಬೇಡಿ. ವಿಲಿಯಂ ಎಂಬುದು, ಟಿಪ್ಪುವಿನ ಪತ್ರಗಳ ವಿಷಯದಲ್ಲಿ ನಾವು ಈಗತಾನೆ ನೋಡಿದ ದೊಡ್ಡಪ್ಪನ ಹೆಸರು. ಜಾರ್ಜ್ ಎಂಬ ಇನ್ನೊಬ್ಬ ದೊಡ್ಡಪ್ಪನೂ ಇದ್ದ. ಕ್ಯಾಥರೀನ್ ಎಂಬುದು ತಂದೆಯ ತಾಯಿಯ, ಎಂದರೆ ಮದರಾಸಿನ ಡಾಕ್ಟರೊಬ್ಬರ ಮಗಳಾದ ಕ್ಯಾಥರೀನ್ ಮನ್ರೋಳ ಹೆಸರು. ಅಂತೂ ನಮ್ಮಲ್ಲಿ ಅಜ್ಜಿಯ ಹೆಸರಿಡುವ ಪದ್ಧತಿಯೇ ಅಲ್ಲಿಯೂ! ಕನಸಿನಿಂದ ಹುಟ್ಟಿದ ಹೆಸರು ಹೋಗಿ ತಂದೆಯ ವಂಶಾವಳಿಯ ಹೆಸರು ಬಂತು. ತಾಯಿಯ ಕಡೆಯ ಅಜ್ಜಿ ಷರಫುನ್ನಿಸಾ ಹೈದರಾಬಾದಿನಲ್ಲಿ ಬದುಕಿಯೇ ಇದ್ದಳು. ಅವಳ ಕಡೆಯದಕ್ಕೆ ಜಾಗವಿರಲಿಲ್ಲ. ಆದರೆ ಅರೋರಾ? ಲ್ಯಾಟಿನ್ನಿನಲ್ಲಿ ಅದು ಉಷೆಯ ಹೆಸರು, ಬೆಳಗಿನ ಬೆಳಕು. ನೂರ್ ಎಂಬುದರ ಅರ್ಥವನ್ನು ಬಲ್ಲ ಯಾರೋ ಅದನ್ನು ಲ್ಯಾಟಿನ್ನಿನಲ್ಲಿ ಅಡಗಿಸಿಟ್ಟಿರಬೇಕೆಂದು ನನ್ನ ಊಹೆ. ಇದಕ್ಕೆ ದಾಖಲೆ ಕೊಡಲಾರೆ, ಊಹೆಯೆಂದೇ ಇಟ್ಟುಕೊಳ್ಳಿ. ಆದರೆ ವಂಶದ ಹೆಸರುಗಳ ನಡುವೆ ಈ ಒಂದು ಹೆಸರು ಮಾತ್ರ ಬೇರೆ ಜಾತಿಯದಾಗಿ ಕಾಣುತ್ತದೆ.

ಮಕ್ಕಳನ್ನು ಸಾಕಿದವನು ತಂದೆಯ ತಂದೆ. ಸುಖಕ್ಕೆ ಕಡಿಮೆ ಇರಲಿಲ್ಲ. ತಾಯಿಗೆ ಕಾಗದ ಬರೆಯುವುದಕ್ಕೆ ಮಾತ್ರ ಅವಕಾಶವಿರಲಿಲ್ಲ. ಖೈರುನ್ನಿಸಾ 1813ರಲ್ಲಿ, ಮೂವತ್ತು ತುಂಬುವ ಮೊದಲೇ, ಮಕ್ಕಳನ್ನು ಮತ್ತೆ ಕಾಣದೆ ತೀರಿಕೊಂಡಳು. ವಿಲಿಯಂ ಜಾರ್ಜ್ ಹುಡುಗನಾಗಿದ್ದಾಗ ಕುದಿಯುವ ನೀರಿನ ಹಂಡೆಗೆ ಬಿದ್ದು ಒಂದು ತೋಳನ್ನು ಕಳೆದುಕೊಂಡ; 1828ರಲ್ಲಿ ಅವನೂ ಹೋದ. ಕಿಟ್ಟಿ ಬೆಳೆದು ಸುಂದರಿಯಾದಳು. ಮುಂದೆ ಇಂಗ್ಲಿಷ್ ಸಾಹಿತ್ಯದಲ್ಲಿ ದೊಡ್ಡ ಹೆಸರು ಮಾಡಿದ ಥಾಮಸ್ ಕಾರ್ಲೈಲ್ 1824ರಲ್ಲಿ ಅವಳನ್ನು ಕಂಡು ಮನಸೋತ. ಅವನ ‘ಸಾರ್ಟರ್ ರೆಸಾರ್ಟಸ್’ ಗ್ರಂಥದ ಬ್ಲೂಮೀನ್ ಎಂಬ ಪಾತ್ರಕ್ಕೆ ಅವಳೇ ಮಾದರಿ ಎಂದು ಹೇಳುವವರಿದ್ದಾರೆ. ಅವಳು ಮದುವೆಯಾದದ್ದು ಫಿಲಿಪ್ಸ್ ಎಂಬ ಸೈನ್ಯಾಧಿಕಾರಿಯನ್ನು, 1829ರಲ್ಲಿ.

ಹೈದರಾಬಾದ್ ಮುಗಿದ ಕಥೆಯಾಯಿತು ಎನ್ನುವ ಹೊತ್ತಿಗೆ ಎರಡು ಸಂಗತಿಗಳು ನಡೆದವು. ಒಂದು ದಿನ ಇಂಗ್ಲೆಂಡಿನ ಒಂದು ದೊಡ್ಡ ಮನೆಗೆ ಹೋಗಿದ್ದಾಗ ಗೋಡೆಯ ಮೇಲೆ ಚಿನ್ನರಿ ಬರೆದ ಆ ಚಿತ್ರ ಅವಳ ಕಣ್ಣಿಗೆ ಬಿತ್ತು. ಆ ಮನೆಯ ಯಜಮಾನ ಹೆನ್ರಿ ರಸಲ್ ಹಿಂದೆ ಕಿರ್ಕ್‌ಪ್ಯಾಟ್ರಿಕ್‌ನ ಕೈಕೆಳಗೆ ಹೈದರಾಬಾದಿನಲ್ಲಿದ್ದವನು. ಟೊಪ್ಪಿಗೆಯ ಆ ಮಗು ತಾನೇ ಎಂದು ಕಂಡು ಕಿಟ್ಟಿ ಅತ್ತುಬಿಟ್ಟಳಂತೆ. ಎರಡನೆಯದು, 1841ರಲ್ಲಿ, ಹೈದರಾಬಾದ್ ರೆಸಿಡೆನ್ಸಿಯಲ್ಲಿದ್ದ ಒಬ್ಬ ಅಧಿಕಾರಿಯ ಮೂಲಕ ಅವಳಿಗೆ ಅಜ್ಜಿ ಷರಫುನ್ನಿಸಾ ಇನ್ನೂ ಬದುಕಿದ್ದಾಳೆಂದು ತಿಳಿಯಿತು. ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆದಳು. ಅಜ್ಜಿ ಪಾರ್ಸಿಯಲ್ಲಿ ಹೇಳಿ ಬರೆಸಿದಳು. ನಡುವೆ ದುಭಾಷಿ. ಬೀಳ್ಕೊಡುವ ದಿನ ತಾಯಿ ಕೂತಿದ್ದ ಜಾಗ, ಅವಳ ಅಳು, ಅವಳು ಕಿತ್ತುಕೊಳ್ಳುತ್ತಿದ್ದ ಉದ್ದನೆಯ ಕೂದಲು ಇವೆಲ್ಲ ತನಗೆ ನೆನಪಿದೆ. ಆ ಕೂದಲಿನ ಒಂದು ಎಳೆ ಸಿಕ್ಕಿದರೂ ಸಾಕು ಎಂದು ಕಿಟ್ಟಿ ಬರೆದಳು. ಅಜ್ಜಿ ಕಳುಹಿಸಿಕೊಟ್ಟಳು. ಮೂರು ವರ್ಷದ ಮಗುವಿನ ನೆನಪು ಮೂವತ್ತಾರು ವರ್ಷ ಉಳಿದಿತ್ತು, ನೋಡಿ. 1847ರಲ್ಲಿ ಅಜ್ಜಿ ತೀರಿಕೊಳ್ಳುವವರೆಗೂ ಪತ್ರಗಳು ಓಡಾಡಿದವು. ಕಿಟ್ಟಿ ಮತ್ತೆ ಹಿಂದೂಸ್ಥಾನಕ್ಕೆ ಬರಲಿಲ್ಲ. 1889ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ತೀರಿಹೋದಳು.

ಇನ್ನು ಎರಡನೆಯ ನೂರುನ್ನಿಸಾ. ಇವಳ ಕಥೆ ಬರೋಡಾದಿಂದ ಆರಂಭವಾಗುತ್ತದೆ, ಅದಕ್ಕೂ ಹಿಂದೆ ಹೋದರೆ ಮೈಸೂರಿನಿಂದ. ಮೌಲಾ ಬಕ್ಷ್ ಎಂಬ ಮಹಾ ಸಂಗೀತಗಾರರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಮರ್ಯಾದೆ ಪಡೆದವರು. ದಕ್ಷಿಣದ ಸಂಗೀತವನ್ನೂ ಉತ್ತರದ ಸಂಗೀತವನ್ನೂ ಬಲ್ಲವರು, ಮುಂದೆ ಬರೋಡಾದಲ್ಲಿ ಸಂಗೀತಶಾಲೆ ತೆರೆದವರು. ಅವರ ಹೆಂಡತಿ ಟಿಪ್ಪು ಸುಲ್ತಾನನ ವಂಶದವಳೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಮೌಲಾ ಬಕ್ಷರ ಮಗಳ ಮಗ ಇನಾಯತ್ ಖಾನ್. ವೀಣೆ ಹಿಡಿದು 1910ರಲ್ಲಿ ಪಶ್ಚಿಮಕ್ಕೆ ಹೊರಟ ಇವರು ಅಲ್ಲಿ ಸೂಫಿ ಗುರುಗಳಾಗಿ ನೆಲೆಸಿದರು. ಅಮೆರಿಕದಲ್ಲಿ ಓರಾ ರೇ ಬೇಕರ್ ಎಂಬ ಹುಡುಗಿ ಇವರನ್ನು ಮೆಚ್ಚಿದಳು. ಮನೆಯವರು ಒಪ್ಪಲಿಲ್ಲ. ಅವಳು ಹಡಗು ಹತ್ತಿ ಲಂಡನ್ನಿಗೆ ಬಂದು 1913ರಲ್ಲಿ ಮದುವೆಯಾದಳು. ಮದುವೆಯಾದ ಮೇಲೆ ಅವಳ ಹೆಸರು ಅಮೀನಾ ಬೇಗಂ. ಹೈದರಾಬಾದಿನ ಕಥೆಯಲ್ಲಿ ಗಂಡ ಹೆಂಡತಿಯ ಕಡೆಯ ಬಿರುದನ್ನೂ ಉಡುಪನ್ನೂ ತೊಟ್ಟುಕೊಂಡಿದ್ದ. ಇಲ್ಲಿ ಹೆಂಡತಿ ತನ್ನ ಹೆಸರನ್ನೇ ಬಿಟ್ಟಳು.

1914ರ ಜನವರಿ 1ರಂದು ಮಾಸ್ಕೋದಲ್ಲಿ ಹಿರಿಯ ಮಗಳು ಹುಟ್ಟಿದಳು: ನೂರುನ್ನಿಸಾ. ಮನೆಯಲ್ಲಿ ‘ಬಾಬುಲಿ’. ಅನಂತರ ಲಂಡನ್ನಿನಲ್ಲಿ ವಿಲಾಯತ್, ಹಿದಾಯತ್ ಎಂಬ ಇಬ್ಬರು ಗಂಡುಮಕ್ಕಳು, ಕೊನೆಯವಳು ಖೈರುನ್ನಿಸಾ. ಹೌದು, ಕಿಟ್ಟಿಯ ತಾಯಿಯ ಹೆಸರೇ! ಎರಡು ಕುಟುಂಬಗಳಿಗೂ ಯಾವ ಸಂಬಂಧವೂ ಇಲ್ಲ. ಆ ಹೆಸರುಗಳು ಅಷ್ಟು ಬಳಕೆಯವು, ಅಷ್ಟೆ. ವಿಲಾಯತ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ಸೂಫಿಗಳಲ್ಲಿ ಅದು ಸಂತರ ಪದವಿಗೆ ಹೇಳುವ ಮಾತು. ಕನ್ನಡದಲ್ಲಿ ನಾವು ವಿಲಾಯಿತಿ ಎಂದರೆ ಇಂಗ್ಲೆಂಡ್, ಅಲ್ಲಿಂದ ಬಂದ ಸಾಮಾನು. ವಿಲಾಯಿತಿಯಲ್ಲೇ ಹುಟ್ಟಿದ ಹುಡುಗನಿಗೆ ವಿಲಾಯತ್ ಎಂದು ಹೆಸರಿಟ್ಟಾಗ ತಂದೆಗೆ ಒಳಗೊಳಗೇ ನಗು ಬಂದಿರಲೂಬಹುದು.

ನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ತಾಯಿಯ ಕಡೆಯ ಹೆಸರಿಲ್ಲ ಎಂಬುದನ್ನು ಗಮನಿಸಿ. ಹೈದರಾಬಾದಿನ ಮಕ್ಕಳಿಗೆ ಚರ್ಚಿನಲ್ಲಿ ಆದದ್ದು ಇಲ್ಲಿ ತೊಟ್ಟಿಲಲ್ಲೇ, ತಿರುಗುಮುರುಗಾಗಿ, ಆಗಿತ್ತು. ಓರಾ ಎಂಬ ಹೆಸರು ಮಕ್ಕಳ ಹೆಸರಿನ ಹೊರಗೇ ಉಳಿಯಿತು. ಅದು ಮತ್ತೆ ಬಂದದ್ದು ಹೇಗೆಂದು ಮುಂದೆ ನೋಡೋಣ.

ಕುಟುಂಬ 1920ರಲ್ಲಿ ಫ್ರಾನ್ಸಿಗೆ ಹೋಗಿ ಪ್ಯಾರಿಸಿನ ಹತ್ತಿರದ ಸುರೇನ್ ಎಂಬಲ್ಲಿ ನೆಲೆಸಿತು. 1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡರು. ದುಃಖದಲ್ಲಿ ಮುಳುಗಿದ ತಾಯಿಯ ಬದಲು ಹದಿಮೂರು ವರ್ಷದ ನೂರ್ ಮನೆಯನ್ನು ನೋಡಿಕೊಂಡಳು. ಸಂಗೀತ ಕಲಿತಳು, ಮಕ್ಕಳಿಗಾಗಿ ಕಥೆ ಬರೆದಳು. 1939ರಲ್ಲಿ ಲಂಡನ್ನಿನಲ್ಲಿ ಅವಳ ಪುಸ್ತಕ ಹೊರಬಂತು. ಬುದ್ಧನ ಜಾತಕ ಕಥೆಗಳಿಂದ ಇಪ್ಪತ್ತನ್ನು ಆರಿಸಿ ಮಕ್ಕಳಿಗೆ ಹೇಳಿದ ಪುಸ್ತಕ ಅದು. ಲೇಖಕಿಯ ಹೆಸರು ನೂರ್ ಇನಾಯತ್.

ಮರುವರ್ಷ ಜರ್ಮನರು ಫ್ರಾನ್ಸನ್ನು ಹಿಡಿದರು. ಕುಟುಂಬ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಬಂತು. 1940ರ ನವೆಂಬರಿನಲ್ಲಿ ಅವಳು ವಾಯುಸೇನೆಯ ಮಹಿಳಾ ವಿಭಾಗಕ್ಕೆ ಸೇರಿದಳು. ಅಲ್ಲಿನ ದಾಖಲೆಗಳಲ್ಲಿ ಅವಳು ನೂರ್ ಅಲ್ಲ, ನೋರಾ. ಇಂಗ್ಲಿಷರ ನಾಲಿಗೆಗೆ ಸುಲಭವಾದ ಹೆಸರು. ಆದರೆ ನೂರ್‌ನಿಂದ ಬಹಳ ದೂರವೂ ಅಲ್ಲ. ಇದೇ ರೀತಿ ತಂಗಿ ಖೈರುನ್ನಿಸಾ ಕ್ಲೇರ್ ಆದಳು. ಫ್ರೆಂಚಿನಲ್ಲಿ ಕ್ಲೇರ್ ಎಂದರೆ ತಿಳಿಯಾದ, ಬೆಳಕುಳ್ಳ ಎಂದರ್ಥ. ಗಂಡುಮಕ್ಕಳ ಹೆಸರುಗಳು ಕೊನೆಯವರೆಗೂ ವಿಲಾಯತ್, ಹಿದಾಯತ್ ಎಂದೇ ಉಳಿದವು. ಹೆಣ್ಣುಮಕ್ಕಳ ಹೆಸರೇ ಏಕೆ ಬದಲಾಯಿತೆಂದು ಕೇಳಿದರೆ ನೀವು ಕೇಳುವುದು ಸರಿಯಾದ ಪ್ರಶ್ನೆಯೇ.

ನೋರಾ ವೈರ್‌ಲೆಸ್ ಕೆಲಸ ಕಲಿತಳು. ಫ್ರೆಂಚ್ ಅವಳ ಬಾಲ್ಯದ ಭಾಷೆ. ಶತ್ರುವಿನ ವಶದಲ್ಲಿದ್ದ ದೇಶಗಳಿಗೆ ಗುಪ್ತವಾಗಿ ಜನರನ್ನು ಕಳುಹಿಸುತ್ತಿದ್ದ ಬ್ರಿಟಿಷ್ ಸಂಸ್ಥೆಯೊಂದು ಅವಳನ್ನು ಆರಿಸಿಕೊಂಡಿತು. ಅಲ್ಲಿ ಅವಳು ಇಟ್ಟುಕೊಂಡ ಹೆಸರು ನೋರಾ ಬೇಕರ್. ಬೇಕರ್ ಎಂಬುದು ತಾಯಿಯ ತವರಿನ ಹೆಸರು. ಮದುವೆಯ ದಿನ ಓರಾ ರೇ ಬೇಕರ್ ಕಳಚಿಟ್ಟ ಹೆಸರನ್ನು ಮೂವತ್ತು ವರ್ಷದ ಮೇಲೆ ಮಗಳು ಎತ್ತಿ ತೊಟ್ಟುಕೊಂಡಳು. ಅಷ್ಟೇ ಅಲ್ಲ, ನೋರಾ ಎಂಬುದನ್ನು ಬಾಯಲ್ಲಿ ಹೇಳಿ ನೋಡಿ. ಅದರೊಳಗೆ ತಂದೆಯಿಟ್ಟ ನೂರ್ ಇದೆ, ತಾಯಿಯ ಓರಾ ಇದೆ. ಬೇಕೆಂದು ಮಾಡಿದ್ದೋ ತಾನಾಗಿ ಆದದ್ದೋ ಹೇಳಲಾಗದು. ತೊಟ್ಟಿಲಲ್ಲಿ ಕೂಡದೆ ಹೋದ ಎರಡು ಕಡೆಗಳು ಗೂಢಚಾರಿಣಿಯ ಸುಳ್ಳು ಹೆಸರಿನಲ್ಲಿ ಕೂಡಿಕೊಂಡವು.

1943ರ ಜೂನ್ 16ರ ರಾತ್ರಿ ಅವಳನ್ನು ವಿಮಾನದಲ್ಲಿ ಫ್ರಾನ್ಸಿಗೆ ಇಳಿಸಿದರು. ಅಲ್ಲಿ ಗುಪ್ತನಾಮ ಮಾದಲೇನ್. ಸುಳ್ಳು ಗುರುತುಪತ್ರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿ ಜಾನ್ ಮಾರೀ ರೆನ್ಯೇ. ಅವಳ ಜೊತೆಯವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರೂ ಅವಳು ಪ್ಯಾರಿಸ್ ಬಿಡದೆ ಸುದ್ದಿ ಕಳುಹಿಸುತ್ತಿದ್ದಳು. ಅಕ್ಟೋಬರಿನಲ್ಲಿ ಹಿಡಿದುಕೊಟ್ಟರು. ಎರಡು ಬಾರಿ ತಪ್ಪಿಸಿಕೊಳ್ಳಲು ನೋಡಿದಳು. ಅನಂತರ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ, ಸರಪಳಿ ಹಾಕಿ, ಒಂಟಿ ಕೋಣೆಯಲ್ಲಿ ಇಟ್ಟರು. ಅವಳು ಅಲ್ಲಿರುವುದು ಯಾರಿಗೂ ತಿಳಿಯಕೂಡದೆಂದು ಆಜ್ಞೆ.

ಆದರೂ ತಿಳಿಯಿತು. ಅಲ್ಲಿದ್ದ ಫ್ರೆಂಚ್ ಹೆಂಗಸರು ಊಟದ ತಟ್ಟೆಗಳ ತಳದಲ್ಲಿ ಗೀಚಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. ಒಂಟಿ ಕೋಣೆಯ ಹೆಂಗಸೂ ಹಾಗೆಯೇ ಗೀಚಿ ತಿಳಿಸಿದಳು: ನೋರಾ ಬೇಕರ್, ಜೊತೆಗೆ ಲಂಡನ್ನಿನ ಟ್ಯಾವಿಟನ್ ಬೀದಿಯ 4ನೆಯ ನಂಬರಿನ ಮನೆಯ ವಿಳಾಸ.

ಯುದ್ಧ ಮುಗಿದ ಮೇಲೆ ಈ ಗೀಚಿದ ಹೆಸರೇ ಕೆಲಸಕ್ಕೆ ಬಂತು. ನೂರ್ ನಾಟ್ಸ್‌ವೈಲರ್ ಎಂಬ ಶಿಬಿರದಲ್ಲಿ ಸತ್ತಳೆಂದು ಅಧಿಕಾರಿಗಳು ಮೊದಲು ತಿಳಿದಿದ್ದರು. ಅಲ್ಲಿ ಸತ್ತವಳು ಬೇರೊಬ್ಬ ಹೆಣ್ಣುಮಗಳು. ಫೋರ್ಟ್ಸ್‌ಹೈಮಿನಿಂದ ಬದುಕಿ ಬಂದ ಯೋಲಾಂಡ್ ಲಾಗ್ರಾವ್ ಎಂಬ ಫ್ರೆಂಚ್ ಮಹಿಳೆ ನೋರಾ ಬೇಕರ್ ಎಂಬವಳ ವಿಷಯ ಬರೆದು ತಿಳಿಸಿದ ಮೇಲೆ ಸತ್ಯ ಹೊರಬಿತ್ತು. 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಇನ್ನೂ ಮೂವರು ಹೆಂಗಸರೊಂದಿಗೆ ಅವಳನ್ನು ಗುಂಡಿಟ್ಟು ಕೊಂದಿದ್ದರು. ಆಗ ಅವಳಿಗೆ ಮೂವತ್ತು ವರ್ಷ. ತಾಯಿಯ ತವರಿನ ಹೆಸರು ಇಲ್ಲದಿದ್ದರೆ ಮಗಳು ಸತ್ತ ಜಾಗ ಮನೆಯವರಿಗೆ ತಿಳಿಯುವುದು ಇನ್ನಷ್ಟು ತಡವಾಗುತ್ತಿತ್ತೇನೋ.

1949ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ಅವಳಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವನ್ನು ಪ್ರಕಟಿಸಿತು. ಗೆಜೆಟ್ಟಿನಲ್ಲಿ ಅಚ್ಚಾದ ಹೆಸರು ನೋರಾ ಇನಾಯತ್ ಖಾನ್. 2012ರಲ್ಲಿ ಲಂಡನ್ನಿನ ಗಾರ್ಡನ್ ಚೌಕದ ಉದ್ಯಾನದಲ್ಲಿ ಅವಳ ಪ್ರತಿಮೆ ನಿಂತಿತು. 2020ರಲ್ಲಿ, ಅಲ್ಲಿಂದ ನಾಲ್ಕು ಹೆಜ್ಜೆಯ ಟ್ಯಾವಿಟನ್ ಬೀದಿಯಲ್ಲಿ, ತಟ್ಟೆಯ ತಳದಲ್ಲಿ ಅವಳು ಗೀಚಿದ್ದ ಆ 4ನೆಯ ನಂಬರಿನ ಮನೆಯ ಗೋಡೆಗೆ ನೀಲಿ ಬಣ್ಣದ ಸ್ಮಾರಕ ಫಲಕವೊಂದನ್ನು ಹಾಕಿದರು. ಅದರಲ್ಲಿ ಮಾದಲೇನ್ ಎಂಬ ಗುಪ್ತನಾಮವಿದೆ. ನೋರಾ ಎಂದಿಲ್ಲ, ಬೇಕರ್ ಎಂದೂ ಇಲ್ಲ. ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುವುದು ನೂರ್ ಇನಾಯತ್ ಖಾನ್.